ತಣ್ಣಗೆ ಕುದಿಯುವ ಬುಗ್ಗೆ

ಪ್ರೀತಿಯ ಅತ್ತೆ,

ಕಾರ್ಡ್ ಗೀಚುತ್ತಿದ್ದೇನೆ, ಸಾರಿ. ಫೋನ್ ಮಾಡುವ ಧೈರ್ಯವಿಲ್ಲ. ಫೀಲ್ಡ್ ಟ್ರಿಪ್‌ನಲ್ಲಿ ಒಂದು ಬುಗ್ಗೆ ನೋಡಿದೆವು. ನೀರು ಕೊತಕೊತ ಕುದಿಯುತ್ತದೆ, ಮುಟ್ಟಿದರೆ ಐಸಿನಂತೆ ತಣ್ಣಗೆ! ಹಾಗೆ ಗುಳ್ಳೆ ಎಬ್ಬಿಸುವುದು, ಭೂಮಿಯ ಆಳದಲ್ಲಿ ಸುಣ್ಣದಕಲ್ಲು ಬೆಂದು ಬೇರೆ ಕಲ್ಲಾಗುವಾಗ ಹೊರಡುವ ಕಾರ್ಬನ್ ಡೈಆಕ್ಸೈಡ್ ಅಂತೆ, ಭೂಮಿಯನ್ನು ಬಿಸಿ ಮಾಡುವ ಅದೇ ಗ್ಯಾಸ್. ನನಗೆ ಟೆನ್ಷನ್ ಆಗಿ, ಗ್ಯಾಸ್ ಹೊರಬರದಿರಲಿ ಎಂದು ನೀವು ಕೊಟ್ಟ ಸ್ಟೀಲ್ ಡಬ್ಬಿಯನ್ನು ಬುಗ್ಗೆಯ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ.

"ಏಳಮ್ಮಾ ತಾಯಿ," ಅಂದರು ಮೇಷ್ಟ್ರು. "ಕೋಟ್ಯಂತರ ವರ್ಷದಿಂದ ಆಳದ ಕಲ್ಲು ಈ ಗ್ಯಾಸ್ ಬಿಡ್ತಾನೇ ಇದೆ, ಮಳೆನೀರು ನೆಲದ ಮೇಲಿನ ಕಲ್ಲು ಕರಗಿಸಿ ಅದನ್ನ ವಾಪಸ್ ಎಳ್ಕೊಳ್ತಾನೇ ಇದೆ. ಬಿಡೋದು ನಿಂತ್ರೆ ಭೂಮೀನೇ ಹೆಪ್ಪುಗಟ್ಟುತ್ತೆ!"

ಎದ್ದೆ. ಡಬ್ಬಿ ಪುಸಕ್ಕನೆ ಹಾರಿ ಪಕ್ಕದ ಹೊಳೆ ಸೇರಿತು. ನನಗೆ ಶೀತ ಆಗಿದೆ, ಜ್ವರ ಇಲ್ಲ. ಅದು ನಿಮ್ಮ ಮದುವೆಯ ಡಬ್ಬಿ ಅಲ್ಲ ತಾನೇ? ಬೇಗ ಉತ್ತರ ಬರೆಯಿರಿ.