ಗಾಡಿಯ ಹಿಂದೆ ಬರೆಸಿದ ನನ್ನ ನಂಬರು

ರೀ,

ಈ ಮನೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ: ಇವತ್ತು ಹಾಲು ಒಡೆದಿದೆ. ಕಾಫಿ ಆಸೆ ಬಿಟ್ಟು ಮಜ್ಜಿಗೆ ಕುಡಿಯಿರಿ. ಅತ್ತೆಯವರ ಬಿಪಿ ಮಾತ್ರೆ ಗೋಡೆಯ ಗೂಡಿನಲ್ಲಿದೆ, ಊಟವಾದ ಮೇಲೆ ಒಂದು ಕೊಡಿ.

ಬಾಡಿಗೆ ಸಿಗಲೆಂದು ನಿಮ್ಮ ಲಗೇಜ್ ಆಟೋದ ಹಿಂದೆ ನನ್ನ ಮೊಬೈಲ್ ನಂಬರು ಬರೆಸಿದವರು ನೀವು, ಅದೂ ನನ್ನನ್ನು ಕೇಳದೆ. ಚಳ್ಳಕೆರೆಯಿಂದ ಮೊಳಕಾಲ್ಮುರುವರೆಗೆ ಅದನ್ನು ಓದದ ಗಂಡಸಿಲ್ಲ. "ಗಾಡಿ ಬ್ಯಾಡಕ್ಕ, ನಿನ್ ದನಿ ಚೆಂದೈತೆ, ಸುಮ್ನೆ ಮಾತಾಡು" ಅನ್ನುವವರೇ ಹೆಚ್ಚು. ಹಗಲೆಲ್ಲ ಅಂಥವರಿಗೆ ಬೈದು ಫೋನ್ ಇಡುವುದು ನನ್ನ ಕೆಲಸ. ಸಂಜೆ ಬಂದು ಕರೆಗಳ ಪಟ್ಟಿ ತೆಗೆದು ವಿಚಾರಣೆ ನಡೆಸುವುದು ನಿಮ್ಮ ಕೆಲಸ.

ನಿನ್ನೆ ಅತ್ತೆಯವರ ಎದುರಿಗೇ "ಮೂರ್ ಸಲ ಫೋನ್ ಮಾಡವ್ನಲ್ಲ, ಯಾವನೇ ಅವ್ನು?" ಅಂದಿರಿ. ಉತ್ತರ ಹೇಳಲೂ ಬಿಡಲಿಲ್ಲ. ಫೋನ್ ಮಾಡಿದವರು ನನ್ನಿವಾಳ ಊರಿನ ಚಿಕ್ಕೀರಪ್ಪ, ಎಪ್ಪತ್ತರ ಮುದುಕರು. ಶೇಂಗಾ ಮೂಟೆ ಸಾಗಿಸಬೇಕಂತೆ, ಹತ್ತು ಗಂಟೆಗೆ ಗಾಡಿ ತೆಗೆದುಕೊಂಡು ಹೋಗಿ.

ಫೋನು ಟಿವಿಯ ಮೇಲಿದೆ. ಇನ್ನು ಮುಂದೆ ಫೋನ್ ಮಾಡುವ ಗಂಡಸರ ಜೊತೆಯೆಲ್ಲ ನೀವೇ ಮಾತಾಡಿ.

ನಾನು ಎಂಟರ ಬಸ್ಸಿಗೆ ಸಿದ್ದಾಪುರಕ್ಕೆ, ಅವ್ವನ ಮನೆಗೆ ಹೋಗಿದ್ದೇನೆ. ವಾಪಸ್ಸು ಬರುವುದಿಲ್ಲ.