ಸೆರಗಿನಲ್ಲಿ ನೇಯ್ದ ಊರ ಹೆಸರು

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು
೧೭ ನವೆಂಬರ್ ೨೦೨೪, ಭಾನುವಾರ

ಚಿರಂಜೀವಿ ಬೈರೇಶನಿಗೆ,

ಈ ಕಾಗದ ಬರೆಯುತ್ತಿರುವವಳು ಮಧುರೆ ಪಿಳ್ಳಪ್ಪನವರ ಹೆಂಡತಿ, ಆ ಮನೆಯ ಹಿರಿಯ ಸೊಸೆ, ನಿನ್ನ ಅತ್ತಿಗೆ ಮುನಿಲಕ್ಷ್ಮಮ್ಮ. ಗೊತ್ತಿರುವವನಿಗೆ ಇದನ್ನೆಲ್ಲ ಯಾಕೆ ಬರೆಯುತ್ತಾಳೆ ಎನ್ನಬೇಡ. ಮೊನ್ನೆ ಫೋನಿನಲ್ಲಿ ನೀನಾಡಿದ ಮಾತು ಕೇಳಿದ ಮೇಲೆ ನಿನಗೆ ಮರೆತುಹೋಗಿದೆ ಅನ್ನಿಸಿತು. ಈ ಊರಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಬಂದ ಮೊದಲ ಸೊಸೆ ನಾನು. ನಿನ್ನ ಅಣ್ಣ ಹೋದ ಮೇಲೆ ಹೊಲ, ಹಸು, ಹಿತ್ತಲ ಶೆಡ್ಡಿನ ಮಗ್ಗ ಯಾವುದನ್ನೂ ನಿಲ್ಲಿಸದೆ ನಡೆಸಿದವಳು. ಇಂದಿಗೂ ಊರಿನ ಯಾವ ಮನೆಯ ಮದುವೆ ಮಾತುಕತೆಯಾದರೂ ನನ್ನನ್ನು ಕೂರಿಸಿಕೊಂಡೇ ತಾಂಬೂಲ ಬದಲಾಯಿಸುತ್ತಾರೆ. ತಾಯಿ ಇಲ್ಲದ ನಿನಗೆ ಮೊದಲ ಸಲ ಶಾಲೆಗೆ ತಲೆ ಬಾಚಿ ಕಳಿಸಿದ್ದೂ ನಾನೇ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ತೊಂದರೆ ಇಲ್ಲ.

ನಿನ್ನ ಮೊಣಕಾಲು ಹೇಗಿದೆ? ಅಲ್ಲಿ ಈಗಲೇ ಚಳಿ ಹಿಡಿದಿದೆ ಎಂದು ನಿನ್ನ ಹೆಂಡತಿ ಶಶಿರೇಖಾ ಹೇಳಿದಳು. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ಹೋಟೆಲಿನಲ್ಲೇ ಊಟ ಮಾಡಿಕೊಂಡು ತಿರುಗುವವನಿಗೆ ಅದು ಬೇಗ ಏರುತ್ತದೆ. ಸಿಟ್ಟಿದ್ದರೂ ಕೇಳಬೇಕಾದ್ದನ್ನು ಕೇಳಬೇಕು. ಇಲ್ಲಿ ರಾಗಿ ಕೊಯ್ಲಿಗೆ ಬಂದಿದೆ, ಅವರೆ ಹೂ ತುಂಬಿಕೊಂಡಿದೆ. ನನ್ನ ಆರೋಗ್ಯ ಗಟ್ಟಿಯಾಗಿದೆ, ಅದರ ಚಿಂತೆ ಬೇಡ.

ಇನ್ನು ವಿಷಯ. ನೀನು ಅಖಿಲ ಖಂಡ ಥ್ರೋಬಾಲ್ ಮಹಾಸಂಘದ ಖಜಾಂಚಿಯಾದ ದಿನ ಊರಿಗೆಲ್ಲ ಸಿಹಿ ಹಂಚಿದವಳು ನಾನು. ಅಷ್ಟೊಂದು ದೇಶಗಳ ಹೆಣ್ಣುಮಕ್ಕಳ ಆಟದ ದುಡ್ಡು ನಮ್ಮ ಮನೆ ಹುಡುಗನ ಕೈಯಲ್ಲಿ ಭದ್ರವಾಗಿದೆ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದೆ. ಹೋದ ವರ್ಷ ನೀನು ಬಂದು, “ಅತ್ಗೆಮ್ಮ, ನಮ್ಮ ಮಹಾಸಭೆಗೆ ಎಲ್ಲಾ ದೇಶದೋರೂ ಬರ್ತಾವ್ರೆ. ಅವ್ರ ಮನೆ ಹೆಂಗಸರಿಗೆ ನಮ್ಮೂರ ರೇಷ್ಮೆ ಸೀರೆ ಕೊಡೋಣ ಅಂತ. ಹೆಸರು ಗಿಸರು ಏನೂ ಬೇಡ, ಸಾದಾ ಇರ್ಲಿ” ಎಂದೆ. ಹೆಸರು ಯಾಕೆ ಬೇಡವೆಂದು ಆಗ ನನಗೆ ಹೊಳೆಯಲಿಲ್ಲ. ನಮ್ಮ ಮನೆಯಿಂದ ಹೆಣ್ಣುಮಗಳ ಮಡಿಲಿಗೆ ಹೋಗುವ ಸೀರೆಗೆ ಒಳಸೆರಗಿನ ತುದಿಯಲ್ಲಿ ‘ಪಿಳ್ಳಪ್ಪ, ಮಧುರೆ’ ಎಂದು ಜರಿಯಲ್ಲಿ ನೇಯಿಸುವುದು ನಿನ್ನ ಅಣ್ಣ ಹಾಕಿಕೊಟ್ಟ ಪದ್ಧತಿ. ಕೊಟ್ಟವರು ಯಾರೆಂದು ಉಟ್ಟವಳಿಗೆ ಗೊತ್ತಿರಬೇಕು ಎನ್ನುತ್ತಿದ್ದರು. ಹೊರದೇಶದವರಾದರೂ ಅವರೂ ಹೆಣ್ಣುಮಕ್ಕಳೇ ತಾನೇ ಎಂದು ನಮ್ಮ ಮಗ್ಗದ ಮುನಿರಾಜನಿಗೆ ಹೇಳಿ ಎಲ್ಲ ಸೀರೆಗೂ ಹೆಸರು ನೇಯಿಸಿದೆ. ಒಂದೊಂದರ ಮಡಿಕೆಯಲ್ಲೂ ಅರಿಶಿನ ಕುಂಕುಮದ ಪೊಟ್ಟಣ ಇಟ್ಟೆ. ನೀನು ಸೆರಗು ಬಿಚ್ಚಿ ನೋಡಲೂ ಇಲ್ಲ. ನಿನ್ನ ಮದುವೆಯಲ್ಲಿ ಶಶಿರೇಖಾ ಉಟ್ಟ ಸೀರೆಯಲ್ಲೂ ಆ ಹೆಸರಿತ್ತು ಬೈರೇಶ. ನಿನ್ನ ಮನೆಯ ಪದ್ಧತಿ ನಿನಗೇ ಮರೆತಿತ್ತು.

ಮೊನ್ನೆ ಸೋಮವಾರ ಬೆಳಿಗ್ಗೆ ಸಂಘಮಿತ್ರ ಎಂಬ ವಕೀಲೆ ಬಂದಳು. ನಿಮ್ಮ ಮಹಾಸಂಘದ ಮೇಲಿನ ದೂರು ವಿಚಾರಿಸಲು ನೇಮಿಸಿದ ತನಿಖಾ ಮಂಡಳಿಯವಳಂತೆ, ಕನ್ನಡದವಳೇ. ಕಾಫಿ ಕೊಟ್ಟರೆ, “ತನಿಖೆ ಮುಗಿಯೋವರೆಗೂ ನಿಮ್ಮನೇಲಿ ಏನೂ ತಗೋಬಾರದಮ್ಮ, ಬೇಜಾರು ಮಾಡ್ಕೋಬೇಡಿ” ಎಂದಳು. ನಮ್ಮ ಮನೆಯ ಕಾಫಿ ಬೇಡವೆಂದವರು ಇದುವರೆಗೆ ಯಾರೂ ಇರಲಿಲ್ಲ. ಮುಖ ಗಂಟಿಕ್ಕಿಕೊಂಡೆ. ಅವಳು ಚೀಲದಿಂದ ಒಂದು ಸೀರೆ ತೆಗೆದು ಸೆರಗು ಬಿಡಿಸಿದಳು. ನಿನ್ನ ಅಣ್ಣನ ಹೆಸರು ಮೇಲೆ ಬಂತು. ಯಾವುದೋ ದ್ವೀಪದ ಪ್ರತಿನಿಧಿಯ ಹೆಂಡತಿ ಸೀರೆ ಬಿಚ್ಚಿದಾಗ ನನ್ನ ಕುಂಕುಮದ ಪಕ್ಕದಲ್ಲಿ ಡಾಲರು ತುಂಬಿದ ಲಕೋಟೆ ಇತ್ತಂತೆ. ಆ ಪುಣ್ಯಾತ್ಗಿತ್ತಿ ದುಡ್ಡನ್ನೂ ಸೀರೆಯನ್ನೂ ಹಾಗೇ ತಂದು ತನಿಖೆಯವರಿಗೆ ಒಪ್ಪಿಸಿದಳಂತೆ. ಲಕೋಟೆ ಯಾಕೆಂದರೆ, ನಿಮ್ಮ ಅಧ್ಯಕ್ಷ ಮತ್ತೆ ಗೆಲ್ಲಲು ಓಟು ಬೇಕಿತ್ತು. ದುಡ್ಡು ಎಲ್ಲಿಯದೆಂದರೆ, ಹೆಣ್ಣುಮಕ್ಕಳ ತಂಡಗಳ ಪ್ರಯಾಣಕ್ಕೆಂದು ಎತ್ತಿಟ್ಟದ್ದು. ಅದನ್ನು ತೆಗೆಯಲು ಸಹಿ ಹಾಕಿದವನು ನೀನು.

ಇದನ್ನು ಕೇಳುವಾಗ ಮುನಿರಾಜ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನ ಮಗಳು ಮೋನಿಷಾ ಕಿರಿಯರ ತಂಡಕ್ಕೆ ಆಯ್ಕೆಯಾಗಿ, ಹೊರಡುವ ಹೊತ್ತಿಗೆ ಪ್ರಯಾಣಕ್ಕೆ ದುಡ್ಡಿಲ್ಲವೆಂದು ಮನೆಯಲ್ಲಿ ಉಳಿದದ್ದು ನಿನಗೆ ಗೊತ್ತು. ನಾನೇ ಫೋನು ಮಾಡಿ ಕೇಳಿದ್ದೆ. “ಫಂಡ್ ಇಲ್ಲ ಅತ್ಗೆಮ್ಮ, ಏನ್ಮಾಡೋದು? ಚಿಕ್ಕೋಳು, ಮುಂದಿನ ಸಲ ನೋಡೋಣ ಬಿಡಿ” ಎಂದೆ. ಮುಂದಿನ ಸಲಕ್ಕೆ ಅವಳಿಗೆ ವಯಸ್ಸು ಮೀರುತ್ತದೆ ಎಂದು ಆ ಆಟವನ್ನೇ ಆಳುವ ನಿನಗೆ ತಿಳಿಯದೆ? ಮುನಿರಾಜ ಸೀರೆಯ ಹತ್ತಿರ ಬಂದ, ಅಂಚು ಮುಟ್ಟಿ ನೋಡಿದ. “ಅಮ್ಮಾ, ಇದು ನನ್ ಕೈಲೇ ನೇಯ್ದಿದ್ದು ಅಲ್ವಾ?” ಎಂದ. ಹೋಗಿ ಮಗ್ಗ ನಿಲ್ಲಿಸಿದ. ಮೂವತ್ತು ವರ್ಷದಿಂದ ಆ ಸದ್ದಿನಲ್ಲೇ ಬದುಕಿದ ಮನೆ ಒಮ್ಮೆಗೇ ಬಿಕೋ ಎಂದಿತು. ಮಗಳ ಟಿಕೆಟ್ಟಿನ ದುಡ್ಡು ಬಚ್ಚಿಡಲು ಅಪ್ಪನ ಕೈಯಲ್ಲೇ ಸೀರೆ ನೇಯಿಸಿದೆಯಲ್ಲೋ! ದೆವ್ವಕ್ಕಾದರೂ ಇಂಥ ಬುದ್ಧಿ ಬರುತ್ತದೆಯೇ?

ಅದೇ ಸಂಜೆ ನಿನ್ನ ಫೋನು. “ಅತ್ಗೆಮ್ಮ, ಅದು ನಮ್ ಕಡೆ ಮುಯ್ಯಿ ಇದ್ದಂಗೆ ಅಂತ ಒಂದ್ ಮಾತು ಹೇಳ್ಬಿಡಿ, ಸಾಕು. ದುಡ್ಡೂ ನೀವೇ ಇಟ್ಟಿದ್ದು, ಪದ್ಧತಿ ಅಂತ ಅನ್ನಿ. ನೀವು ಹಳ್ಳಿ ಹೆಂಗಸು, ನಿಮ್ಮನ್ನ ಯಾರೇನ್ ಕೇಳ್ತಾರೆ?” ಎಂದೆ. ನಿನ್ನ ಕೈಯ ಮಸಿ ಒರೆಸಲು ನನ್ನ ಸೆರಗೇ ಬೇಕಾಯಿತೇ? ಹಳ್ಳಿ ಹೆಂಗಸು ನಿಜ. ಆದ್ದರಿಂದಲೇ ಮುಯ್ಯಿ ಎಂದರೇನೆಂದು ನನಗೆ ಗೊತ್ತು. ಆ ಉಡುಗೊರೆಯನ್ನು ಮದುವೆ ಚಪ್ಪರದ ಕೆಳಗೆ, ಎಲ್ಲರೆದುರು, ಮೈಕಿನಲ್ಲಿ ಹೆಸರು ಕೂಗಿಸಿ ಕೊಡುತ್ತಾರೆ. ನಿನ್ನ ಮದುವೆಯಲ್ಲಿ ಮೈಕು ಹಿಡಿದಿದ್ದ ಪಾಪಯ್ಯ, ಸಾಸಲು ಅಕ್ಕಯಮ್ಮ ಕೊಟ್ಟ ತಾಮ್ರದ ಹಂಡೆಯನ್ನು ಬೇರೆ ಯಾರದೋ ಹೆಸರಿಗೆ ಕೂಗಿಬಿಟ್ಟಿದ್ದ. ಮುದುಕಿ ಎಲೆಯ ಮುಂದಿಂದ ಎದ್ದು ಬಂದು, “ಲೇ ಪಾಪಯ್ಯ, ಹಂಡೆ ನಂದು ಕಣೋ, ಮೊದಲಿಂದ ಕೂಗು” ಎಂದು ಕೂಗಿಸಿಕೊಂಡೇ ಹೋಗಿ ಪಾಯಸ ಉಂಡಳು. ಎಷ್ಟು ನಕ್ಕೆವು ಆವತ್ತು! ಮುಯ್ಯಿ ಅಂದರೆ ಅದು. ಮಡಿಕೆಯೊಳಗೆ ಅಡಗಿಕೊಂಡು ಹೋಗಿ ಓಟು ಹೊತ್ತು ತರುವುದಕ್ಕೆ ನಮ್ಮ ಭಾಷೆಯಲ್ಲಿ ಲಂಚ ಎಂಬ ಪದವಿದೆ. ನೀನೂ ಇದೇ ಊರಿನ ಶಾಲೆಯಲ್ಲಿ ಕಲಿತವನು.

ಎಲ್ಲರೂ ಹಾಗೇ ಮಾಡುತ್ತಾರೆ, ಮೇಲಿನವರು ಹೇಳಿದರು, ಆಟ ಬೆಳೆಯಬೇಕಾದರೆ ಇವೆಲ್ಲ ಇರುತ್ತವೆ ಎಂದೆಲ್ಲ ಹೇಳಿದೆ. ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿ ಬೆಳೆಯುವ ಆಟ ಯಾವುದಪ್ಪಾ ಅದು? ನೀವೆಲ್ಲ ದೊಡ್ಡ ಹೋಟೆಲಿನಲ್ಲಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳಲು ಮೇಜಿನ ಮೇಲೊಂದು ಚೆಂಡು ಇದ್ದರೆ ಸಾಕು, ಆಡುವವರು ಬೇಡ. ಮೋನಿಷಾ ಈಗಲೂ ಸಂಜೆ ನಮ್ಮ ಕಣದಲ್ಲಿ ಒಬ್ಬಳೇ ಗೋಡೆಗೆ ಚೆಂಡು ಎಸೆಯುತ್ತಾಳೆ. ನನ್ನನ್ನು ಕಂಡರೆ ನಿಲ್ಲಿಸುತ್ತಾಳೆ. ಅದನ್ನು ನಾನು ಸಹಿಸಲಾರೆ.

ನಿನ್ನ ಕೆಲಸ ಹೋಗಬಹುದು, ಕೋರ್ಟು ಕಟಕಟೆ ಹತ್ತಬೇಕಾಗಬಹುದು. ಸಂಘಮಿತ್ರ ಏನನ್ನೂ ಮುಚ್ಚಿಡದೆ ಹೇಳಿದ್ದಾಳೆ. ಬರುವುದನ್ನು ನೆಟ್ಟಗೆ ನಿಂತು ಎದುರಿಸು. ಮನೆಯ ಬಾಗಿಲು ನಿನಗೆ ಮುಚ್ಚಿಲ್ಲ. ತಪ್ಪು ಒಪ್ಪಿಕೊಂಡು ಬಂದವನಿಗೆ ಮುದ್ದೆ ಹಾಕುತ್ತೇನೆ. ಶಶಿರೇಖಾಳಿಗೆ ನನ್ನ ಆಶೀರ್ವಾದ ತಿಳಿಸು, ಅವಳದೇನೂ ತಪ್ಪಿಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ನಾಚಿಕೆ ಕೊಡಲಿ.

ನಿನ್ನ ಅತ್ತಿಗೆ,
ಮುನಿಲಕ್ಷ್ಮಮ್ಮ

ಮರೆತ ಮಾತು: ನೀನು ಮತ್ತೆ ಫೋನು ಮಾಡಿ ಏನು ಹೇಳಬೇಕೆಂದು ಕಲಿಸುವ ಕಷ್ಟ ತೆಗೆದುಕೊಳ್ಳಬೇಡ. ನನ್ನ ಹೇಳಿಕೆಗೆ ಶುಕ್ರವಾರವೇ ಸಹಿ ಹಾಕಿ ಸಂಘಮಿತ್ರಳ ಕೈಗೆ ಕೊಟ್ಟಾಯಿತು. ಸೀರೆ ನನ್ನದು, ಲಕೋಟೆ ಬೈರೇಶನದು ಎಂದು ಬರೆದಿದ್ದೇನೆ. ಮುಯ್ಯಿ ಎಂದೆಯಲ್ಲ, ಮುಯ್ಯಿಯ ಹಾಗೆಯೇ ಕೊಟ್ಟೆ. ಸಹಿಗೆ ಮುಂಚೆ ಅರಳಿಕಟ್ಟೆಯ ಹತ್ತಿರ ಊರವರನ್ನು ಸೇರಿಸಿ, ಪಾಪಯ್ಯನ ಕೈಗೆ ಮೈಕು ಕೊಟ್ಟು ಗಟ್ಟಿಯಾಗಿ ಓದಿಸಿದೆ. ಮುನಿರಾಜನೂ ಮೋನಿಷಾಳೂ ಮುಂದೆಯೇ ಕೂತಿದ್ದರು. ನಿನ್ನ ಹೆಸರು ಬಂದ ಕಡೆ ಪಾಪಯ್ಯ ನನ್ನ ಮುಖ ನೋಡಿ, ಹೆಸರು ನುಂಗಿಕೊಂಡು ಮುಂದಕ್ಕೆ ಹೋದ. ನಿಲ್ಲಿಸಿ, ಮೊದಲಿಂದ ಕೂಗಿಸಿದೆ.