ನನ್ನ ಹೆಸರು ತಿಳಿಯದ ಮಗಳು

ನಾಸಿಕ, ೧೯೬೮

ತೀರ್ಥರೂಪ ಅಣ್ಣನವರಿಗೆ ತಮ್ಮ ಶ್ಯಾಮರಾಯನ ನಮಸ್ಕಾರಗಳು.

ನನ್ನ ಮಗಳು ಜಲಜಾಳಿಗಾಗಿ ಧಾರವಾಡದ ಮನೆಯಲ್ಲಿ ಸೇರಿರುವ ಎಲ್ಲರಿಗೂ ನನ್ನ ಕೃತಜ್ಞತೆ ತಿಳಿಸಿರಿ; ಅವರ ಅನುಕಂಪ ಮಾತ್ರ ನನಗೆ ಬೇಡ. ಅವಳು ಗೋದಾವರಿಯಲ್ಲಿ ಮುಳುಗಿದ್ದು ವಿಧಿಲಿಖಿತ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಸಿಂಹಸ್ಥ ಕುಂಭಮೇಳದ ಜನಜಂಗುಳಿಯಲ್ಲಿ ನಮ್ಮ ಕೈತಪ್ಪಿದ ಮಗು, ಕಳೆದುಹೋದ ಮಕ್ಕಳ ಡೇರೆಯನ್ನು ಸುರಕ್ಷಿತವಾಗಿ ತಲುಪಿತ್ತೆಂದು ಇಂದು ತಿಳಿಯಿತು. ಅಲ್ಲಿ ಸ್ವಯಂಸೇವಕರಾಗಿದ್ದ ಹೋಟೆಲಿನ ಭುಜಂಗ ಶೆಟ್ಟರು ಕನ್ನಡದಲ್ಲೇ ಕೇಳಿದರಂತೆ:

"ಅಪ್ಪನ ಹೆಸರೆಂತ ಮಗಾ?"

"ಅಪ್ಪ."

"ಅಮ್ಮ ಅವರನ್ನ ಏನಂತ ಕರೀತಾರೆ?"

"ಏನ್ರೀ ಅಂತಾಳ್ರೀ."

ಡೇರೆಯಲ್ಲಿದ್ದವರೆಲ್ಲ ನಕ್ಕರಂತೆ. ಧ್ವನಿವರ್ಧಕದಲ್ಲಿ ಮಕ್ಕಳನ್ನು ತಂದೆಯ ಹೆಸರಿನಿಂದಲೇ ಕೂಗುತ್ತಿದ್ದರು. ಹೆಸರು ಹೇಳಲಾರದವರ ಸರದಿ ಕೊನೆಗೆ. ನಾನು ಘಾಟಿನಲ್ಲಿ ನನ್ನ ಹೆಸರಿಗಾಗಿ ಕಿವಿಗೊಟ್ಟು ನಿಂತೇ ಇದ್ದೆ. ಕಾದು ಬೇಸತ್ತ ಮಗು ನಮ್ಮನ್ನು ಹುಡುಕುತ್ತ ತಾನೇ ಹೊಳೆಯತ್ತ ನಡೆದಿದೆ. ಶೆಟ್ಟರು ಇದನ್ನು ಹೇಳಿದ ಕೂಡಲೇ ಅವಸರದಲ್ಲಿ ಈ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಮನ್ನಿಸಿರಿ.

ಕುಸುಮಾವತಿಗೆ ಜ್ವರ ಇಳಿದಿದೆ, ಗಂಜಿ ಕುಡಿಯುತ್ತಾಳೆ. ಹೆಂಡತಿಯು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕುಗ್ಗುತ್ತದೆಂದು ಅವ್ವ ಆಕೆಗೆ ಕಲಿಸಿದ್ದಾಳೆ. ಕುಗ್ಗಲಿ. ಇಂದಿನಿಂದ ಕುಸುಮಾವತಿ ನನ್ನನ್ನು ಹೆಸರು ಹಿಡಿದೇ ಕರೆಯಬೇಕು, ಅವ್ವನ ಎದುರಿಗೂ. ಕಿರಿಯ ಮಗಳು ಊರ್ಮಿಳಾ ಅದನ್ನು ಕೇಳಿ ಕಲಿಯಬೇಕು. ಇದನ್ನು ನಾನೊಬ್ಬನೇ ನಿಶ್ಚಯಿಸಿದ್ದೇನೆ, ಯಾರೊಂದಿಗೂ ಚರ್ಚಿಸುವುದಿಲ್ಲ.

ಶ್ಯಾಮರಾಯ